ಬೀಪ್ ಟೆಸ್ಟ್ ಓಡೋದು ಹೆಂಗೆ, ಅದು ಹುಟ್ಟಿದ್ದು ಯಾಕೆ

ಬೀಪ್ ಟೆಸ್ಟ್ ಅಂದ್ರೆ 20 ಮೀಟರ್ ದೂರದ ಎರಡು ಗೆರೆ ಮಧ್ಯೆ, ಪ್ರತಿ ಬೀಪ್‌ಗೆ ಆ ಕಡೆಯ ಗೆರೆ ಮುಟ್ಟೋ ಹಾಗೆ ಓಡೋ ಫಿಟ್‌ನೆಸ್ ಟೆಸ್ಟ್, ಬೀಪ್ ಹೋಗ್ತಾ ಹೋಗ್ತಾ ಬೇಗ ಬೇಗ ಬರತ್ತೆ. ಫಸ್ಟ್ ಬೀಪ್ ಬಂದ ತಕ್ಷಣ ರೇಸ್ ಥರ ಕಿತ್ಕೊಂಡು ಓಡೋರೇ ಜಾಸ್ತಿ, ಕೆಡೋದೂ ಅಲ್ಲೇ. ಈ ಟೆಸ್ಟ್ ಯಾಕೆ ಬಂತು ಅಂತ ತಿಳ್ಕೊಂಡ್ರೆ ಹೆಂಗೆ ಓಡ್ಬೇಕು ಅನ್ನೋದು ತಾನಾಗೇ ಗೊತ್ತಾಗತ್ತೆ.

ಅಮೆರಿಕದ ಶಾಲೆಗಳಲ್ಲಿ ಮೊದಲು 600 ಗಜದ ಓಟ ಇತ್ತು, ಆಮೇಲೆ ಒಂದು ಮೈಲಿ ಓಟ ಬಂತು. 1968ರಲ್ಲಿ ಏರ್‌ಫೋರ್ಸ್ ಡಾಕ್ಟ್ರು ಕೆನೆತ್ ಕೂಪರ್ 12 ನಿಮಿಷದ ಓಟ ತಂದ್ರು, ಅಷ್ಟು ಹೊತ್ತಲ್ಲಿ ಎಷ್ಟು ದೂರ ಹೋದ್ರಿ ಅನ್ನೋದೇ ಲೆಕ್ಕ. ಆದ್ರೆ ಇದೆಲ್ಲದರಲ್ಲೂ ಸ್ಪೀಡ್ ಎಷ್ಟಿರ್ಬೇಕು ಅಂತ ಓಡೋರೇ ಅಂದಾಜು ಮಾಡ್ಬೇಕು, ಚಿಕ್ಕ ಮಕ್ಕಳಿಗೆ ಅದೆಲ್ಲಿ ಬರತ್ತೆ, ಮೊದಲ ಸುತ್ತಲ್ಲೇ ಉಸಿರು ಕಟ್ಟಿ ಉಳಿದಿದ್ದನ್ನ ನಡ್ಕೊಂಡು ಮುಗಿಸ್ತಾರೆ. ಕೆನಡಾದ ಮಾಂಟ್ರಿಯಲ್ ಯೂನಿವರ್ಸಿಟಿಯ ಲೂಕ್ ಲೆಜೇ 1982ರಲ್ಲಿ ಪ್ರಕಟಿಸಿದ 20 ಮೀಟರ್ ಶಟಲ್ ರನ್‌ನಲ್ಲಿ (ಇದೇ ಬೀಪ್ ಟೆಸ್ಟ್) ಆ ಅಂದಾಜಿನ ಕೆಲಸವೇ ಇಲ್ಲ, ಸ್ಪೀಡ್ ಹೇಳೋದು ಕ್ಯಾಸೆಟ್‌ನ ಬೀಪ್. ಆಗ ಒಂದೊಂದು ಲೆವೆಲ್ (ಒಂದೇ ಸ್ಪೀಡ್‌ನಲ್ಲಿ ಓಡೋ ಹೊತ್ತು) 2 ನಿಮಿಷ, ಆಮೇಲೆ 1 ನಿಮಿಷಕ್ಕೆ ಇಳಿಸಿದ್ರು. ತಮಾಷೆ ಅಂದ್ರೆ ಕೂಪರ್ ಅವರದೇ ಇನ್‌ಸ್ಟಿಟ್ಯೂಟ್ ಫಿಟ್‌ನೆಸ್‌ಗ್ರಾಮ್ ಅನ್ನೋ ತನ್ನ ಶಾಲಾ ಫಿಟ್‌ನೆಸ್ ಪರೀಕ್ಷೆಗೆ ಇದನ್ನೇ ಪೇಸರ್ ಅನ್ನೋ ಹೆಸರಲ್ಲಿ ತಗೊಂಡ್ತು.

ಸರಿ, ಈಗ ಓಟ. ಹೆಜ್ಜೆ ಲೆಕ್ಕ ಬೇಡ, ಟೇಪ್ ಹಿಡಿದು 20 ಮೀಟರ್ ಅಳೆದು ಎರಡೂ ಕಡೆ ಗೆರೆ ಹಾಕಿ, ಜಾರದ ನೆಲ ಇರ್ಲಿ. ಆಸ್ತಮಾ, ಹಾರ್ಟ್ ಪ್ರಾಬ್ಲಮ್ ಇದ್ರೆ ಮೊದಲೇ ಟೀಚರ್‌ಗೆ ಹೇಳಿ. ಲೆಜೇ ಲೆಕ್ಕದಲ್ಲಿ ಶುರು ಗಂಟೆಗೆ 8.5 ಕಿಮೀ, ಅಂದ್ರೆ ಒಂದು ಸಲ ಆ ಕಡೆ ಹೋಗೋಕೆ ಸುಮಾರು ಎಂಟೂವರೆ ಸೆಕೆಂಡ್, ಆಮೇಲೆ ಪ್ರತಿ ನಿಮಿಷಕ್ಕೊಮ್ಮೆ ಸ್ಪೀಡ್ ಗಂಟೆಗೆ 0.5 ಕಿಮೀ ಏರ್ತಾ ಹೋಗತ್ತೆ. ಬೇಗ ತಲುಪಿದ್ರೆ ಬೀಪ್ ಬರೋವರೆಗೂ ಗೆರೆ ಹತ್ರ ಸುಮ್ನೆ ನಿಲ್ಬೇಕು, ಒಂದು ಪಾಯಿಂಟೂ ಜಾಸ್ತಿ ಸಿಗಲ್ಲ, ಅದಕ್ಕೇ ಮೊದಲ ಲೆವೆಲ್‌ಗಳಲ್ಲಿ ಕಾಲೂ ಬೀಪೂ ಒಟ್ಟಿಗೆ ಗೆರೆ ಮುಟ್ಟೋ ಹಾಗೆ ನಿಧಾನಕ್ಕೆ ಜಾಗ್ ಮಾಡಿ.

ನನ್ ಪ್ರಕಾರ ಜಾಸ್ತಿ ಜನ ಸೋಲೋದು ತಿರುಗೋದ್ರಲ್ಲಿ. ಅಗಲಕ್ಕೆ ಸುತ್ತು ಹಾಕಿದ್ರೆ ಪ್ರತಿ ಸಲ ಒಂದೆರಡು ಹೆಜ್ಜೆ ದಂಡ. ಒಂದು ಕಾಲು ಗೆರೆ ಮೇಲಿಟ್ಟು, ಮೊಣಕಾಲು ಬಗ್ಗಿಸಿ, ಅಲ್ಲೇ ಗಿರ್ರನೆ ತಿರುಗಿ, ಒಂದ್ಸಲ ಬಲಗಾಲು ಇನ್ನೊಂದ್ಸಲ ಎಡಗಾಲು ಮಾಡಿದ್ರೆ ಒಂದೇ ಕಾಲಿಗೆ ಏಟು ಬೀಳಲ್ಲ.

ಬೀಪ್ ಮಿಸ್ ಆಯ್ತಾ? ಪೇಸರ್ ರೂಲ್ ಪ್ರಕಾರ ಮೊದಲ ಸಲ ಔಟ್ ಅಲ್ಲ, ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ ಮುಂದಿನ ಬೀಪ್ ಹಿಡೀರಿ, ಎರಡನೇ ಸಲ ಮಿಸ್ ಆದ್ರೆ ಮುಗೀತು. ಲ್ಯಾಪ್ (ಒಂದು ಗೆರೆಯಿಂದ ಇನ್ನೊಂದಕ್ಕೆ ಒಂದು ಸಲ) ಎಣಿಸೋಕೆ ಬೇರೆಯವರನ್ನ ನಿಲ್ಲಿಸಿ, ಓಡ್ತಾ ಎಣಿಸೋಕಾಗಲ್ಲ. ಜಾಗ ಕಮ್ಮಿ ಇರೋ ಕಡೆ 15 ಮೀಟರ್ ಪೇಸರ್ ಓಡಿಸ್ತಾರೆ, ಹಾಗಾಗಿ ಸ್ಕೋರ್ ಪಕ್ಕ 15ಆ 20ಆ ಅಂತ ಬರೀರಿ, ಇಲ್ದಿದ್ರೆ ಮುಂದಿನ ವರ್ಷ ಹೋಲಿಸೋಕೇ ಆಗಲ್ಲ.