ಹಳೇ ಮದರ್‌ಬೋರ್ಡಿಗೆ ಹೊಸ ಹಾರ್ಡ್‌ಡಿಸ್ಕ್: ಆಟದ ಟೇಪು ಉಳಿಸಲು ಹೊರಟವರಿಗೆ

ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಇನ್ನೂ ಮಿನಿ ಡಿವಿ ಟೇಪುಗಳಿವೆ, ಹಳೇ ವಿಡಿಯೋ ಕ್ಯಾಮರಾದ ಸಣ್ಣ ಕ್ಯಾಸೆಟ್ಟುಗಳು. ಮದುವೆ, ನೇಮ, ಎಲ್ಲಕ್ಕಿಂತ ಹೆಚ್ಚಾಗಿ ಯಕ್ಷಗಾನ ಬಯಲಾಟ ಮತ್ತು ತಾಳಮದ್ದಳೆ. ಅವುಗಳಲ್ಲಿ ಅರ್ಥ ಹೇಳಿದ ಹಿರಿಯರು ಹಲವರು ಈಗಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಟೇಪು ಬೂಸ್ಟು ಹಿಡಿಯುವ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಇಳಿಸಲು ಫೈರ್‌ವೈರ್, ಅಂದರೆ ಕ್ಯಾಮರಾವನ್ನು ಕಂಪ್ಯೂಟರಿಗೆ ಜೋಡಿಸುವ ಕೊಂಡಿ, ಬೇಕು. ಈಗಿನ ಬೋರ್ಡುಗಳಲ್ಲಿ ಅದು ಬರುವುದಿಲ್ಲ. ಆದ್ದರಿಂದ ಫೈರ್‌ವೈರ್ ಕಾರ್ಡ್ ಕೂತಿರುವ ಹಳೇ ಡೆಸ್ಕ್‌ಟಾಪ್ ಮನೆಯಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅದಕ್ಕೆ ಬೇಕಾದದ್ದು ದೊಡ್ಡ ಡಿಸ್ಕ್ ಮಾತ್ರ. ಈ ಭಾಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನಾಗಿ ಹೇಳುತ್ತೇನೆ: ಹೆಚ್ಚಿನ ಬೋರ್ಡುಗಳಿಗೆ ಹೊಸ ಡಿಸ್ಕ್ ಹೊಂದುತ್ತದೆ.

ಮೊದಲು ಲೆಕ್ಕ. ಮಿನಿ ಡಿವಿ ಒಂದು ಗಂಟೆಗೆ ಸುಮಾರು 13 ಜಿಬಿ. ರಾತ್ರಿಯಿಡೀ ನಡೆದ ಆಟ ಎಂಟು ಗಂಟೆ ಎಂದರೂ 100 ಜಿಬಿ ದಾಟಿತು. ಹಳೇ 80 ಜಿಬಿ ಡಿಸ್ಕಿನಲ್ಲಿ ಒಂದು ಪ್ರಸಂಗವೂ ಹಿಡಿಸದು. ವೇಗದ ಚಿಂತೆ ಮಾತ್ರ ಬೇಡ. ಡಿವಿ ಹರಿದು ಬರುವುದು ಸೆಕೆಂಡಿಗೆ 4 ಎಂಬಿಗಿಂತ ಕಡಿಮೆ. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೊಂಡಿಯ ಮೊದಲ ತಲೆಮಾರು ಕೂಡ 150 ಎಂಬಿ ತಾಳುತ್ತದೆ.

ಈಗ ಪೆಟ್ಟಿಗೆ ಬಿಚ್ಚಿ. ಬೋರ್ಡಿನಲ್ಲಿ ಅಗಲವಾದ 40 ಪಿನ್ನಿನ ಐಡಿಇ ಸಾಕೆಟ್ ಮಾತ್ರ ಇದ್ದರೆ ಬೋರ್ಡಿನ ಪಿಸಿಐ ಸ್ಲಾಟಿಗೆ ಕೂರುವ ಸಾಟಾ ಕಾರ್ಡ್ ಹಾಕಿಕೊಳ್ಳಿ. ಇಂಗ್ಲಿಷಿನ ಎಲ್ ಆಕಾರದ ಸಣ್ಣ ಸಾಟಾ ಕನೆಕ್ಟರ್ ಇದ್ದರೆ ಇಂದಿನ ಡಿಸ್ಕ್ ನೇರವಾಗಿ ಕೂರುತ್ತದೆ. ಡಿಸ್ಕಿನ ಮೇಲೆ 6 ಜಿಬಿಪಿಎಸ್ (ಸೆಕೆಂಡಿಗೆ 6 ಗಿಗಾಬಿಟ್) ಎಂದು ಬರೆದಿದ್ದರೂ ಅದು ಬೋರ್ಡಿನ ವೇಗಕ್ಕೆ ಇಳಿದು ಕೆಲಸ ಮಾಡುತ್ತದೆ. ನಮ್ಮಲ್ಲಿ ಬಹಳ ಕಾಣಸಿಗುವ ಇಂಟೆಲ್ ಜಿ31, ಜಿ41 ಬೋರ್ಡುಗಳಲ್ಲಿ ಇರುವುದು ಐಸಿಎಚ್7 ಚಿಪ್. ಅದು 3 ಜಿಬಿಪಿಎಸ್‌ನಲ್ಲಿ ಓಡುತ್ತದೆ. ಅದರ ಬಯಾಸ್‌ನಲ್ಲಿ (ಯಂತ್ರ ಹಚ್ಚಿದೊಡನೆ ಓಡುವ ಬೋರ್ಡಿನ ತಂತ್ರಾಂಶ) ಎಎಚ್‌ಸಿಐ ಎಂಬ ಸಾಟಾದ ಹೊಸ ಮೋಡ್‌ನ ಆಯ್ಕೆ ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ, ಸಾದಾ ಐಸಿಎಚ್7ಕ್ಕೆ ಆ ಸೌಲಭ್ಯವಿಲ್ಲ. ಐಡಿಇ ಮೋಡ್ ಸಾಕು. ಆ ಆಯ್ಕೆ ಇರುವ ಬೋರ್ಡಿನಲ್ಲೂ ವಿಂಡೋಸ್ ಎಕ್ಸ್‌ಪಿ ಹಾಕಿದ ಮೇಲೆ ಮೋಡ್ ಬದಲಿಸಿದರೆ ನೀಲಿ ಪರದೆ ಬರುತ್ತದೆ, ಮುಟ್ಟದಿರುವುದೇ ಒಳ್ಳೆಯದು.

ವೇಗ ತಾನಾಗಿ ಇಳಿಯದ ಚಿಪ್‌ಗಳೂ ಇವೆ. ವಿಐಎ ವಿಟಿ8237 ಮತ್ತು 8237ಆರ್ ಇರುವ ಬೋರ್ಡುಗಳು 1.5 ಜಿಬಿಪಿಎಸ್‌ಗಿಂತ ವೇಗದ ಡಿಸ್ಕನ್ನು ಗುರುತಿಸದೆ ಹೋಗುತ್ತವೆ. ಡಿಸ್ಕ್ ತಿರುಗುತ್ತದೆ, ಬಯಾಸ್‌ನಲ್ಲಿ ಹೆಸರೇ ಬರುವುದಿಲ್ಲ. ಕೆಲವು ಡಿಸ್ಕುಗಳ ಹಿಂಬದಿಯಲ್ಲಿ ವೇಗ ಇಳಿಸುವ ಜಂಪರ್ ಪಿನ್ನುಗಳಿರುತ್ತವೆ. ತಯಾರಕರ ಕೈಪಿಡಿ ನೋಡಿ ಜಂಪರ್, ಅಂದರೆ ಎರಡು ಪಿನ್ನು ಕೂಡಿಸುವ ಪುಟ್ಟ ತೊಪ್ಪಿ, ಹಾಕಿ. ಪಿನ್ನುಗಳೇ ಇಲ್ಲದಿದ್ದರೆ ಇಲ್ಲೂ ಪಿಸಿಐ ಸಾಟಾ ಕಾರ್ಡೇ ದಾರಿ.

ಇನ್ನು ಗಾತ್ರ. ಜನ ಹೆಚ್ಚು ಎಡವುವುದು ಇಲ್ಲೇ. ಹಳೆಯ 28 ಬಿಟ್ ವಿಳಾಸಪದ್ಧತಿಯ ಮಿತಿ 137 ಜಿಬಿ. ಅದನ್ನು ದಾಟಲು ಎಕ್ಸ್‌ಪಿಯಲ್ಲಿ ಕನಿಷ್ಠ ಸರ್ವಿಸ್ ಪ್ಯಾಕ್ 1 ಬೇಕು, 3 ಇದ್ದರೆ ನಿಶ್ಚಿಂತೆ. ಮುಂದಿನ ಗೋಡೆ 2.2 ಟಿಬಿ: ಡಿಸ್ಕಿನ ಭಾಗಗಳನ್ನು ಬರೆದಿಡುವ ಹಳೇ ಎಂಬಿಆರ್ ಪಾರ್ಟಿಷನ್ ಪಟ್ಟಿ 512 ಬೈಟಿನ ಸೆಕ್ಟರುಗಳನ್ನು (ಡಿಸ್ಕಿನ ಸಣ್ಣ ತುಂಡುಗಳನ್ನು) 32 ಬಿಟ್‌ನಲ್ಲಿ ಎಣಿಸುವುದರಿಂದ ಅದಕ್ಕಿಂತ ಆಚೆಗೆ ಅದರ ಕೈ ಚಾಚುವುದಿಲ್ಲ. 3 ಟಿಬಿ ಡಿಸ್ಕ್ ತಂದು ಹಾಕಿದಾಗ 746 ಜಿಬಿ ಎಂದು ತೋರಿಸಿದರೆ ಡಿಸ್ಕ್ ಹಾಳಾಗಿದೆ ಎಂದು ಅಂಗಡಿಗೆ ಓಡಬೇಡಿ; 2.2 ಕಳೆದು ಉಳಿದದ್ದು ಅದು. ಮಿತಿ ದಾಟಲು ಜಿಪಿಟಿ ಎಂಬ ಹೊಸ ಬಗೆಯ ಪಟ್ಟಿ ಬೇಕು, 32 ಬಿಟ್ ಎಕ್ಸ್‌ಪಿ ಅದನ್ನು ಓದುವುದಿಲ್ಲ. ವಿಂಡೋಸ್ 7 ಓದುತ್ತದೆ, ಆದರೆ ಬಯಾಸ್‌ನ ಹೊಸ ರೂಪವಾದ ಯುಇಎಫ್‌ಐ ಇಲ್ಲದ ಬೋರ್ಡಿನಲ್ಲಿ ಜಿಪಿಟಿ ಡಿಸ್ಕಿನಿಂದ ಅದು ಬೂಟ್ ಆಗದು.

ನನ್ನ ಸಲಹೆ ಒಂದೇ: ದೊಡ್ಡ ಡಿಸ್ಕಿನಿಂದ ಬೂಟ್ ಮಾಡಿಸಲು ಹೋಗಬೇಡಿ. ಸಿಸ್ಟಮ್ ಹಳೇ 80 ಜಿಬಿಯಲ್ಲೋ ಸಣ್ಣ ಎಸ್‌ಎಸ್‌ಡಿಯಲ್ಲೋ ಇರಲಿ, ಹೊಸತು ಬರೀ ದಾಸ್ತಾನಿಗೆ. ಇಷ್ಟು ಮಾಡಿದರೆ ತಲೆನೋವು ಮುಕ್ಕಾಲು ಪಾಲು ತಪ್ಪುತ್ತದೆ. ಎಕ್ಸ್‌ಪಿಯೇ ಬೇಕೆಂದರೆ 2 ಟಿಬಿಗೆ ನಿಲ್ಲಿ. ಅದರ ಪಾರ್ಟಿಷನ್ನನ್ನು ಎಕ್ಸ್‌ಪಿಯಲ್ಲಿ ಮಾಡದೆ ವಿಂಡೋಸ್ 7 ಅಥವಾ ಲಿನಕ್ಸ್ ಇರುವ ಬೇರೆ ಯಂತ್ರದಲ್ಲಿ ಮಾಡಿ ತನ್ನಿ. ಎಕ್ಸ್‌ಪಿ 63ನೇ ಸೆಕ್ಟರಿನಿಂದ ಶುರುಮಾಡುತ್ತದೆ, ಹೊಸ ಡಿಸ್ಕಿನ ಒಳಗಿನ 4096 ಬೈಟಿನ ಸೆಕ್ಟರಿಗೆ ಅದು ಕೂಡಿ ಬರದೆ ಬರವಣಿಗೆ ನಿಧಾನವಾಗುತ್ತದೆ. ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಇರಲಿ. ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ನಿಲ್ಲದು, ಒಂದು ಗಂಟೆಯ ಟೇಪೇ 13 ಆಯಿತಲ್ಲ.

ನಾನಂತೂ ಲಿನಕ್ಸ್ ಕಡೆಯವ. ಕೇರಳದ ಶಾಲೆಗಳಲ್ಲಿ ಅದನ್ನೇ ಕಲಿಸುವುದರಿಂದ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಅದು ಹೊಸತಲ್ಲ, ಮನೆಯಲ್ಲಿ ಅಂಥ ಮಗುವಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅದೇ ಜಿ31 ಬೋರ್ಡಿನಲ್ಲಿ 4 ಟಿಬಿ ಜಿಪಿಟಿ ಡಿಸ್ಕ್ ದಾಸ್ತಾನಿಗೆ ಚೆನ್ನಾಗಿ ನಡೆಯುತ್ತದೆ. ಬಯಾಸ್ ಪರದೆ ಗಾತ್ರವನ್ನು ತಪ್ಪಾಗಿ ತೋರಿಸಿದರೂ ಲಿನಕ್ಸ್ ಡಿಸ್ಕನ್ನೇ ಕೇಳಿ ತಿಳಿದುಕೊಳ್ಳುತ್ತದೆ. ಟೇಪು ಇಳಿಸಲು ಡಿವಿಗ್ರ್ಯಾಬ್ ಎಂಬ ತಂತ್ರಾಂಶ ಇದೆ.

ಡಿಸ್ಕ್ ಸದ್ದೇ ಮಾಡದಿದ್ದರೆ ಪವರ್ ನೋಡಿ. 2016ರ ಸಾಟಾ 3.3 ನಿಯಮದಲ್ಲಿ ಪವರ್ ಕನೆಕ್ಟರಿನ 3ನೇ ಪಿನ್ ಡಿಸ್ಕನ್ನು ಆಫ್ ಮಾಡುವ ಪಿನ್ ಆಯಿತು. ಹಳೇ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಅದೇ ಪಿನ್ನಿಗೆ 3.3 ವೋಲ್ಟ್ ಕೊಟ್ಟು, ಸರ್ವರ್ ದರ್ಜೆಯ ಕೆಲವು ಡಿಸ್ಕುಗಳನ್ನು ತಿರುಗದಂತೆ ತಡೆಯುತ್ತದೆ. ನಾಲ್ಕು ವಯರಿನ ಮೋಲೆಕ್ಸ್‌ನಿಂದ ಸಾಟಾಕ್ಕೆ ಬದಲಿಸುವ ಕೇಬಲ್ ಹಾಕಿ. ಅದರಲ್ಲಿ 12 ಮತ್ತು 5 ವೋಲ್ಟ್ ಮಾತ್ರ ಇರುವುದರಿಂದ ತೊಂದರೆ ತೀರುತ್ತದೆ. ಪ್ಲಾಸ್ಟಿಕ್ ಎರಕದ ಅಗ್ಗದ ಕೇಬಲ್ ಬೇಡ, ಒಳಗೆ ಶಾರ್ಟ್ ಆಗಿ ಬೆಂಕಿ ಹಿಡಿಯಬಹುದು. ಪ್ರತಿ ವಯರೂ ಬಿಡಿಬಿಡಿಯಾಗಿ ಕಚ್ಚಿಸಿದ ಕನೆಕ್ಟರ್ ಕೇಳಿ ತನ್ನಿ.

ಟೇಪು ಹಾಕುವ ಮೊದಲು ಒಂದು ಪರೀಕ್ಷೆ ಬಿಡಲೇಬಾರದು. 28 ಬಿಟ್ ಮಿತಿ ಎಲ್ಲೋ ಉಳಿದಿದ್ದರೆ 137 ಜಿಬಿ ದಾಟಿದ ಬರಹ ಸುತ್ತಿ ಬಂದು ಡಿಸ್ಕಿನ ಆರಂಭವನ್ನೇ ಅಳಿಸಬಹುದು. ಕಳೆದರೂ ಅಡ್ಡಿಯಿಲ್ಲದ ಫೈಲುಗಳನ್ನು 150 ಜಿಬಿಯಷ್ಟು ತುಂಬಿಸಿ, ಯಂತ್ರ ಆರಿಸಿ ಮತ್ತೆ ಹಚ್ಚಿ, ಮೊದಲು ಹಾಕಿದ ಫೈಲುಗಳನ್ನು ತೆರೆದು ಪೂರ್ತಿ ಓಡಿಸಿ. ಸರಿಯಿದ್ದರೆ ಟೇಪು ಹಾಕಿ. ಇಳಿಸಿದ ಪ್ರತಿಯೊಂದರ ಇನ್ನೊಂದು ನಕಲು ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿರಲಿ. ಹಿಂಗಾರಿನ ಗುಡುಗು ಶುರುವಾಗುವ ಸಂಜೆಗಳಲ್ಲಿ ಟೇಪು ಇಳಿಸುವ ಕೆಲಸ ನಿಲ್ಲಿಸಿ, ಪ್ಲಗ್ ಕಿತ್ತಿಡಿ.