ಎಂಟು ಕಾಲೇಜು, ನಾಲ್ಕು ಜೋಡಿ, ಮೂರು ಶನಿವಾರ

2024ರಲ್ಲಿ ಶಿವಮೊಗ್ಗ ಜಿಲ್ಲೆಯ ನಮ್ಮ ಎಂಟು ಕಾಲೇಜುಗಳ ಕಬಡ್ಡಿ ಲೀಗಿನ 28 ಪಂದ್ಯಗಳಲ್ಲಿ 28ನ್ನೂ ಆಡಿಸಿ ಮುಗಿಸಿದೆವು. ಎದುರು ತಂಡ ಬಾರದೆ ಆಡದೇ ಗೆದ್ದ ವಾಕೋವರ್ ಒಂದೂ ಇಲ್ಲ. ಹೊರಗಿನವರಿಗೆ ಇದೇನು ಮಹಾ ಅನ್ನಿಸಬಹುದು, ಕಾಲೇಜಿನಲ್ಲಿ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಆಗಿರುವವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. 2019ರಲ್ಲಿ ಈ ಲೀಗಿನ ಮಾತು ಎತ್ತಿದಾಗ ಹಿರಿಯ ಪಿ.ಡಿ. ಒಬ್ಬರು, "ಎಂತಕ್ಕೆ ಮಾರಾಯ ಈ ಉಸಾಬರಿ? ನಾಕೌಟ್ ಹಾಕು, ಸಂಜೆ ಐದಕ್ಕೆ ಕಪ್ ಕೊಡು, ಮನೆಗೆ ಹೋಗು" ಅಂದಿದ್ದರು. 2024ರ ಲೀಗಿನ ಕೊನೆಯ ಶನಿವಾರ ಅವರೇ ಸ್ಕೋರ್ ಶೀಟ್ ಹಿಡಿದು ಕೂತಿದ್ದರು. ನಾನು ಏನೂ ಅನ್ನಲಿಲ್ಲ. ಮಜ್ಜಿಗೆ ಮಾತ್ರ ಎರಡು ಲೋಟ ಕಳಿಸಿದೆ.

ಒಮ್ಮೆ ಸೋತರೆ ಮನೆಗೆ ಅನ್ನುವ ನಾಕೌಟಿನ ಮೇಲೆ ನನಗೆ ದ್ವೇಷವೇನಿಲ್ಲ. ಆದರೆ ಎಂಟು ತಂಡ ಬಂದರೆ ಏಳು ಪಂದ್ಯ, ಅದರಲ್ಲಿ ನಾಲ್ಕು ತಂಡಕ್ಕೆ ಒಂದೇ ಪಂದ್ಯ. ಬೆಳಿಗ್ಗೆ ಐದಕ್ಕೆ ಎದ್ದು ಎಂಬತ್ತು ಕಿಲೋಮೀಟರ್ ಬಂದ ಹುಡುಗರು ಹನ್ನೊಂದು ಗಂಟೆಗೆ ಸೋತು, ಊಟದ ಕೂಪನ್ ಹಿಡಿದುಕೊಂಡು ಮರದ ಕೆಳಗೆ ಕೂತಿರುತ್ತಾರೆ. ವರ್ಷವೆಲ್ಲ ಅಭ್ಯಾಸ ಮಾಡಿದ್ದು ಆ ನಲವತ್ತು ನಿಮಿಷಕ್ಕೆ. ವಿಶ್ವವಿದ್ಯಾಲಯದ (ವಿ.ವಿ.) ತಂಡದ ಆಯ್ಕೆಗೆ ಕೂತವರಾದರೂ ಏನು ಮಾಡಬೇಕು? ಮೊದಲ ಸುತ್ತಿನಲ್ಲೇ ಹೋದ ತಂಡದ ರೇಡರನ್ನು ಅವರು ನೋಡಿರುವುದೇ ಆರೇಳು ರೇಡು.

2019ರಲ್ಲಿ ನಾನು ಮಾಡಿದ್ದು ಶುದ್ಧ ಹುಚ್ಚುತನ. ಎಂಟು ಕಾಲೇಜು, ಪ್ರತಿಯೊಬ್ಬರೂ ಪ್ರತಿಯೊಬ್ಬರ ಮೇಲೆ ಎರಡು ಸಲ, ಒಮ್ಮೆ ತಮ್ಮೂರಲ್ಲಿ ಒಮ್ಮೆ ಅವರೂರಲ್ಲಿ. ಒಟ್ಟು 56 ಪಂದ್ಯ. ಅದನ್ನು ಶುರು ಮಾಡಿದ್ದು ಯಾವಾಗ? ಆಗಸ್ಟಿನಲ್ಲಿ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವನು ಮಾಡುವ ಕೆಲಸವೇ ಇದು? ಆ ವರ್ಷದ ಆಗಸ್ಟ್ ಮಳೆ ನಿಮಗೆ ನೆನಪಿದ್ದೇ ಇರುತ್ತದೆ. ಅಂಕಣದಲ್ಲಿ ಮೊಣಕಾಲು ನೀರು, ಅರ್ಧ ದಿನ ಕಾಲೇಜಿಗೇ ರಜೆ. ಆರು ಪಂದ್ಯ ಆಗಿರಬೇಕು, ಅಲ್ಲಿಗೆ ಮುಗಿಯಿತು. ಮುಂಗಡ ಕೊಟ್ಟ ಗಾಡಿ ಬಾಡಿಗೆ, ಛಾಪಿಸಿದ ಕಾರ್ಡು ಎಲ್ಲ ಸೇರಿ ನನ್ನ ಕೈಯಿಂದ ಹೋದದ್ದು ಸುಮಾರು 14 ಸಾವಿರ. ಮನೆಯಲ್ಲಿ ಹೇಳಿದ್ದು ಆರು.

ಆಮೇಲೆ ಕೊರೋನಾ. 2022ರಲ್ಲಿ ಬುದ್ಧಿ ಸ್ವಲ್ಪ ಬಂದಿತ್ತು. ಮಳೆ ಬಿಟ್ಟ ಮೇಲೆ ಹಿಡಿದೆ, 56ನ್ನು 28ಕ್ಕೆ ಇಳಿಸಿದೆ, ಪ್ರತಿ ತಂಡಕ್ಕೂ ಶನಿವಾರಕ್ಕೊಂದು ಪಂದ್ಯದಂತೆ ಏಳು ಶನಿವಾರ. ಕಾಗದದ ಮೇಲೆ ಚೆಂದ. ಮೂರನೆಯ ವಾರಕ್ಕೆ ಪ್ರಾಂಶುಪಾಲರ ಫೋನು ಶುರು: "ಒಂದು ಪಂದ್ಯಕ್ಕೆ ಗಾಡಿ ಬಾಡಿಗೆ ಐದೂವರೆ ಸಾವಿರ ಅಂದರೆ ಆಡಿಟ್‌ನವರಿಗೆ ಏನಂತ ಉತ್ತರ ಕೊಡಲಿ?" ಅವರು ಹೇಳಿದ್ದು ತಪ್ಪಲ್ಲ. ಸರ್ಕಾರಿ ಕಾಲೇಜಿನ ಕ್ರೀಡಾ ಶುಲ್ಕದಲ್ಲಿ ಎಷ್ಟು ಕೂಡುತ್ತದೆ ಅಂತ ನಿಮಗೆಲ್ಲ ಗೊತ್ತು. ಐದನೆಯ ಶನಿವಾರದ ಹೊತ್ತಿಗೆ ಅಡಿಕೆ ಕೊಯ್ಲು ಬಂತು. ಅಡಿಕೆ ಗೊನೆ ಇಳಿಸುವವರು ಸಿಗದೆ ಮನೆ ಮನೆಯಲ್ಲೂ ಪರದಾಟ, ಹುಡುಗರನ್ನು ಯಾರು ಬಿಡುತ್ತಾರೆ? ಒಂದು ತಂಡ ಐದೇ ಜನರನ್ನು ಕರೆದುಕೊಂಡು ಬಂತು. 28ರಲ್ಲಿ 17 ಆಡಿಸಿದೆ, ಉಳಿದದ್ದೆಲ್ಲ ವಾಕೋವರ್. ಚಾಂಪಿಯನ್ ಆದ ತಂಡ ಅಂಕಣದಲ್ಲಿ ಗೆದ್ದದ್ದಕ್ಕಿಂತ ಕೂತು ಗೆದ್ದದ್ದೇ ಜಾಸ್ತಿ. ಕಪ್ ಕೊಡುವಾಗ ಅವರ ನಾಯಕನ ಮುಖದಲ್ಲೂ ಕಳೆ ಇರಲಿಲ್ಲ.

ದಾರಿ ತೋರಿಸಿದ್ದು ಅಕ್ಕನ ಮಗ. ಅವನು ಅಮೆರಿಕದ ಇಥಾಕದಲ್ಲಿ, ಕಾರ್ನೆಲ್‌ನಲ್ಲಿ ಎಂ.ಎಸ್. ಓದುತ್ತಿದ್ದ. ಫೋನಿನಲ್ಲಿ ನನ್ನ ಗೋಳು ಕೇಳಿ, "ಮಾವ, ನಮ್ಮ ಐವಿ ಲೀಗಿನಲ್ಲೂ ಎಂಟೇ ಕಾಲೇಜು" ಅಂದ. ಐವಿ ಲೀಗ್ ಅಂದರೆ ದೊಡ್ಡ ಓದಿನ ಹೆಸರು ಅಂತಷ್ಟೇ ನನಗೆ ಗೊತ್ತಿದ್ದದ್ದು. ಅದು ಮೂಲದಲ್ಲಿ ಕ್ರೀಡಾ ಒಕ್ಕೂಟವಂತೆ, 1954ರಲ್ಲಿ ಎಂಟು ಕಾಲೇಜುಗಳು ಮಾಡಿಕೊಂಡ ಒಪ್ಪಂದ. ಆಡುತ್ತಾನೆ ಅಂತ ಯಾರಿಗೂ ವಿದ್ಯಾರ್ಥಿವೇತನ ಕೊಡಬಾರದು ಅನ್ನುವುದು ಅವರ ಕಟ್ಟುಪಾಡು. ಅದಿರಲಿ, ನನಗೆ ಬೇಕಾದ್ದು ಬಾಸ್ಕೆಟ್‌ಬಾಲ್ ವೇಳಾಪಟ್ಟಿ. ಅಲ್ಲಿ ಎಂಟು ಕಾಲೇಜನ್ನು ನಾಲ್ಕು ಜೋಡಿ ಮಾಡಿಟ್ಟಿದ್ದರು: ಪೆನ್–ಪ್ರಿನ್ಸ್‌ಟನ್, ಹಾರ್ವರ್ಡ್–ಡಾರ್ಟ್‌ಮತ್, ಯೇಲ್–ಬ್ರೌನ್, ಕೊಲಂಬಿಯಾ–ಕಾರ್ನೆಲ್. ಶುಕ್ರವಾರ ರಾತ್ರಿ ಕಾರ್ನೆಲ್ ತಂಡ ಹಾರ್ವರ್ಡ್‌ನಲ್ಲಿ ಆಡಿದರೆ ಕೊಲಂಬಿಯಾ ಡಾರ್ಟ್‌ಮತ್‌ನಲ್ಲಿ. ಶನಿವಾರ ಅದಲು ಬದಲು. ಒಂದು ಪ್ರಯಾಣಕ್ಕೆ ಎರಡು ಪಂದ್ಯ.

ಆ ರಾತ್ರಿ ನಿದ್ದೆ ಬರಲಿಲ್ಲ. ಹಳೆಯ ಹಾಜರಿ ಪುಸ್ತಕದ ಹಿಂದೆ ನಮ್ಮ ಜಿಲ್ಲೆಯನ್ನು ಬರೆದೆ. ಶಿವಮೊಗ್ಗ–ಭದ್ರಾವತಿ, 20 ಕಿ.ಮೀ. ಹತ್ತಿರ. ಶಿಕಾರಿಪುರ–ಶಿರಾಳಕೊಪ್ಪ, ಅದೂ ಅಷ್ಟೇ. ಸಾಗರ–ಸೊರಬ, 30ರ ಆಸುಪಾಸು. ತೀರ್ಥಹಳ್ಳಿ–ಹೊಸನಗರ, ಇನ್ನೊಂದು ಸ್ವಲ್ಪ ಜಾಸ್ತಿ, ತಿರುವಿನ ರಸ್ತೆ ಬೇರೆ. ನಾಲ್ಕು ಜೋಡಿ ಕೈಯಲ್ಲೇ ಇತ್ತು, ನಾನು ನೋಡಿರಲಿಲ್ಲ ಅಷ್ಟೇ.

ನಮಗೆ ರಾತ್ರಿ ಉಳಿಯುವ ಯೋಗ ಇಲ್ಲ. ಅದಕ್ಕೆ ಎರಡು ದಿನದ ಕೆಲಸವನ್ನು ಒಂದೇ ದಿನಕ್ಕೆ, ಒಂದೇ ಅಂಕಣಕ್ಕೆ ತಂದೆ. ಒಂದು ಜೋಡಿಯ ಊರಿಗೆ ಇನ್ನೊಂದು ಜೋಡಿ ಬರುತ್ತದೆ, ನಾಲ್ಕು ಪಂದ್ಯ. ಮೊದಲನೆಯ ಮತ್ತು ಮೂರನೆಯ ಪಂದ್ಯಕ್ಕೆ ಒಂದು ತಂಡ, ಎರಡು ಮತ್ತು ನಾಲ್ಕಕ್ಕೆ ಅದರ ಜೊತೆಗಾರ, ಹಾಗಾಗಿ ಆ ಜೋಡಿಗೆ ಬೆನ್ನು ಬೆನ್ನಿಗೆ ಆಟ ಬರುವುದಿಲ್ಲ. ಹತ್ತಕ್ಕೆ ಶುರುವಾದರೆ ಊಟ ಸೇರಿ ಮೂರೂವರೆಗೆ ಮುಗಿಯುತ್ತದೆ. ಒಂದೇ ಶನಿವಾರ ಎರಡು ಕಡೆ ಕೂಟ. ಮೂರು ಶನಿವಾರಕ್ಕೆ ಆರು ಕೂಟ, 24 ಪಂದ್ಯ. ಉಳಿದ ನಾಲ್ಕು ಜೋಡಿಯೊಳಗಿನ ಪಂದ್ಯ, ಅದನ್ನು ವಾರದ ಮಧ್ಯೆ ಒಂದು ಸಂಜೆ ಹತ್ತಿರದಲ್ಲೇ ಆಡಿಸಿಕೊಂಡರಾಯಿತು. ಒಟ್ಟು 28. ಪ್ರತಿ ತಂಡಕ್ಕೂ ಏಳು ಪಂದ್ಯ, ಹೊರಗೆ ಹೋಗುವುದು ಹೆಚ್ಚೆಂದರೆ ಎರಡು ಸಲ.

ಇದರ ಹೂರಣ ಇರುವುದು ಗಾಡಿಯಲ್ಲಿ. ಹನ್ನೆರಡು ಆಟಗಾರರು, ಒಬ್ಬ ಪಿ.ಡಿ., ಅಂಥ ಎರಡು ತಂಡ ಅಂದರೆ 26 ಜನ, ಒಂದು ಮಿನಿಬಸ್ಸು. ಸೊರಬದಿಂದ ಹೊರಟದ್ದು ಸಾಗರದವರನ್ನು ಹತ್ತಿಸಿಕೊಂಡು ಶಿವಮೊಗ್ಗಕ್ಕೆ. ಬಾಡಿಗೆ ಆರೂವರೆ ಸಾವಿರ, ಎರಡು ಕಾಲೇಜಿಗೆ ಹಂಚಿದರೆ ಮೂರು ಸಾವಿರದ ಚಿಲ್ಲರೆ. ಮೊದಲು ಒಂದು ಪಂದ್ಯಕ್ಕೆ ಐದೂವರೆ, ಈಗ ಎರಡು ಪಂದ್ಯಕ್ಕೆ ಮೂರು ಚಿಲ್ಲರೆ. ಈ ಒಂದು ಸಾಲನ್ನು ಪ್ರಾಂಶುಪಾಲರ ಮುಂದಿಟ್ಟೆ. ಉಳಿದ ಮಾತು ಬೇಕಾಗಲಿಲ್ಲ.

ಆದರೂ 2023ರಲ್ಲಿ ಕೈ ಸುಟ್ಟುಕೊಂಡೆ. ಜೋಡಿಯೊಳಗಿನ ಪಂದ್ಯವನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದೆ, ಹತ್ತಿರದ ಪಂದ್ಯದಿಂದ ಒಳ್ಳೆಯ ಆರಂಭ ಸಿಗಲಿ ಅಂತ. ಅಕ್ಕಪಕ್ಕದ ಊರಿನವರ ಆಟ ಹೇಗಿರುತ್ತದೆ ಅಂತ ಗೊತ್ತಿದ್ದೂ ಮರೆತೆ. ಒಂದು ಜೋಡಿಯಲ್ಲಿ ಕೊನೆಯ ರೇಡಿನಲ್ಲಿ ಲಾಬಿಯ (ಅಂಕಣದ ಅಂಚಿನ ಪಟ್ಟಿಯ) ತಕರಾರು ಕೈ ಕೈ ಮಿಲಾಯಿಸುವವರೆಗೂ ಹೋಯಿತು. ಶನಿವಾರ ಬೆಳಿಗ್ಗೆ ಅದೇ ಎರಡು ತಂಡ ಒಂದೇ ಮಿನಿಬಸ್ಸಿನಲ್ಲಿ ಹೋಗಬೇಕು! ಒಂದು ತಂಡ ಹತ್ತಿ ಕೂತಿತ್ತು, ಇನ್ನೊಂದು ತಂಡ ರಸ್ತೆಬದಿಯಲ್ಲಿ ನಿಂತು "ನಾವು ಆ ಗಾಡೀಲಿ ಬರಲ್ಲ ಸರ್" ಅಂದಿತು. ಮುಕ್ಕಾಲು ಗಂಟೆ ಪಂಚಾಯಿತಿ. ಕೊನೆಗೆ ಬೇರೆ ಗಾಡಿ ಮಾಡಿಸಿದೆ, ಅದರ ದುಡ್ಡು ಇನ್ನೂ ನನ್ನ ಖಾತೆಯಲ್ಲೇ ಇದೆ. ಆ ಸಲ ನಾಲ್ಕು ಪಂದ್ಯ ಕೈಬಿಟ್ಟವು.

ಹಾಗಾಗಿ 2024ರಲ್ಲಿ ಜೋಡಿ ಪಂದ್ಯವನ್ನು ಕಟ್ಟಕಡೆಗೆ ತಳ್ಳಿದೆ. ಬಸ್ಸಿನ ಋಣ ಮುಗಿದ ಮೇಲೆ ಬೇಕಾದರೆ ಹೊಡೆದಾಡಿಕೊಳ್ಳಲಿ. ಇದರಿಂದ ಇನ್ನೊಂದು ತೊಡಕು ಬಂತು. ಮೂರು ಶನಿವಾರ ಒಟ್ಟಿಗೆ ಓಡಾಡಿ, ಒಂದೇ ಡಬ್ಬಿಯ ಚಿತ್ರಾನ್ನ ತಿಂದವರು ದೋಸ್ತಿಗಳಾಗಿಬಿಡುತ್ತಾರೆ. ಕೊನೆಯ ಪಂದ್ಯದಲ್ಲಿ ಒಬ್ಬರಿಗೆ ಅಂಕ ಬೇಕಿದ್ದು ಇನ್ನೊಬ್ಬರಿಗೆ ಬೇಡವಾಗಿದ್ದರೆ ಏನಾಗಬಹುದು, ಊಹಿಸಿಕೊಳ್ಳಿ. ಅದಕ್ಕೆ ಒಂದು ಸಣ್ಣ ನಿಯಮ ಹಾಕಿದ್ದೇನೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ, ಬರೆದರೆ ನಮ್ಮ ಹುಡುಗರು ಅದಕ್ಕೂ ಸುತ್ತುದಾರಿ ಹುಡುಕುತ್ತಾರೆ.

ಅಂಕ ಕೊಡುವುದರಲ್ಲೂ ಆಟ ಆಡಿ ನೋಡಿದೆ. ಮೊದಲಿದ್ದದ್ದು ಗೆದ್ದರೆ ಎರಡು, ಸಮವಾದರೆ ಒಂದು. ಹತ್ತು ಅಂಕ ಹಿಂದೆ ಬಿದ್ದ ತಂಡ ಕೊನೆಯ ಹತ್ತು ನಿಮಿಷ ಸುಮ್ಮನೆ ಉಸಿರು ಕಳೆಯುತ್ತಿತ್ತು. ಆಮೇಲೆ ಪ್ರೊ ಕಬಡ್ಡಿಯಲ್ಲಿದ್ದ ಲೆಕ್ಕ ತಂದೆ: ಗೆಲುವಿಗೆ ಐದು, ಸಮಕ್ಕೆ ಮೂರು, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ ಒಂದು. ಕಳೆದ ಸಲ ಕೊನೆಯ ಸ್ಥಾನದ ತಂಡ ಹನ್ನೆರಡು ಅಂಕ ಹಿಂದಿದ್ದು ಆ ಒಂದು ಅಂಕಕ್ಕೋಸ್ಕರ ಹೇಗೆ ಸತ್ತುಕೊಂಡು ಆಡಿತು ಅಂದರೆ, ಎದುರು ತಂಡದ ಪಿ.ಡಿ. ಬಂದು "ಏನ್ ಕುಡಿಸಿದೀರಾ ಸರ್ ಇವ್ರಿಗೆ?" ಅಂತ ಕೇಳಿದರು. ಸೋತದ್ದು ಆರು ಅಂಕದಲ್ಲಿ. ಹುಡುಗರು ಕುಣಿದದ್ದು ಗೆದ್ದವರಿಗಿಂತ ಹೆಚ್ಚು.

ಸೋಮವಾರ ಬೆಳಿಗ್ಗೆ ಎಂಟೂ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಅಂಕಪಟ್ಟಿ ಇರಲೇಬೇಕು ಅಂತ ಹಟ ಹಿಡಿದೆ. ಬಿ.ಕಾಂ. ಹುಡುಗಿಯರಿಬ್ಬರು ಎಕ್ಸೆಲ್‌ನಲ್ಲಿ ಮಾಡಿ ಭಾನುವಾರ ರಾತ್ರಿಯೇ ಕಳಿಸುತ್ತಿದ್ದರು. ನನ್ನ ಪ್ರಕಾರ ಲೀಗನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಬಸ್ಸಿನ ನಂತರದ ಪಾಲು ಈ ಹಾಳೆಯದ್ದೇ. ಕಬಡ್ಡಿ ಗೊತ್ತಿಲ್ಲದ ಇಂಗ್ಲಿಷ್ ಮೇಡಂ ಕೂಡ "ಐದನೇ ಜಾಗದಲ್ಲಿದೀವಂತೆ, ಯಾಕೆ?" ಅಂತ ಸ್ಟಾಫ್ ರೂಮಿನಲ್ಲಿ ಕೇಳಿದರು.

ಖರ್ಚಿನ ವಿಷಯ. ಹಿಂದೆ ಒಂದು ದಿನದ ನಾಕೌಟಿಗೆ ಆತಿಥೇಯ ಕಾಲೇಜೊಂದೇ 60–65 ಸಾವಿರ ಹಾಕುತ್ತಿತ್ತು. ಅದರಲ್ಲಿ ಶಾಮಿಯಾನ, ವೇದಿಕೆ, ಹಾರ, ಶಾಲು, ನೆನಪಿನ ಕಾಣಿಕೆಗೇ 20ರ ಹತ್ತಿರ. ಅತಿಥಿಗಳು ಬರುವುದು ಹನ್ನೊಂದೂವರೆಗೆ, ಅಷ್ಟರವರೆಗೆ ತಂಡಗಳು ಸಾಲಿನಲ್ಲಿ ನಿಂತಿರಬೇಕು. ನಾನು ಉದ್ಘಾಟನೆಯನ್ನೇ ತೆಗೆದುಹಾಕಿದೆ. ಟಾಸ್ ಹಾರಿಸಿದರೆ ಅದೇ ಉದ್ಘಾಟನೆ. ಇದಕ್ಕೆ ಬೈಸಿಕೊಂಡಷ್ಟು ಬೇರೆ ಯಾವುದಕ್ಕೂ ಬೈಸಿಕೊಂಡಿಲ್ಲ. ಈಗ ಒಂದು ಕೂಟಕ್ಕೆ ಊಟ, ಅಂಪೈರುಗಳು, ಅಂಕಣ ಸೇರಿ 11–12 ಸಾವಿರ. ಆರು ಕೂಟಕ್ಕೆ 70 ಸಾವಿರ ಅಂತಿಟ್ಟುಕೊಳ್ಳಿ, ಎಂಟು ಕಾಲೇಜಿಗೆ ಹಂಚಿದರೆ ತಲಾ ಒಂಬತ್ತು ಸಾವಿರದೊಳಗೆ. ರೆಫರಿ ಮತ್ತು ಇಬ್ಬರು ಅಂಪೈರುಗಳು ಮಾತ್ರ ಹೊರಗಿನವರು, ಸ್ಕೋರರ್‌ಗಳು ನಾವೇ. ಒಮ್ಮೆ ಆತಿಥೇಯ ಪಿ.ಡಿ.ಯನ್ನೇ ಅಂಪೈರ್ ಮಾಡಿ ಅನುಭವಿಸಿದ್ದೇನೆ, ಅದರ ಕಥೆ ಬೇಡ. ಹೊರಗಿನವರನ್ನು ಎಂಟು ನೂರಕ್ಕೆ ಹೇಗೆ ಒಪ್ಪಿಸುತ್ತೇನೆ ಅನ್ನುವುದು ನನ್ನ ವಿದ್ಯೆ, ಕೇಳಬೇಡಿ.

ತೂಕದ ಯಂತ್ರ ಅಡಿಕೆ ಮಂಡಿಯಿಂದ ತರಿಸುತ್ತೇವೆ. 85 ಕಿಲೋ ಮಿತಿ. ಒಬ್ಬ 85 ಕಿಲೋ 400 ಗ್ರಾಂ ತೂಗಿ, ಮೈದಾನ ಹತ್ತು ಸುತ್ತು ಓಡಿ ಬಂದ. ಯಂತ್ರ ತಂದಿದ್ದ ಮಂಡಿಯ ಹುಡುಗ, "ತೇವ ಕಳೀತು ಸರ್, ಈಗ ರಾಶಿ ಸರಿಯಾಯ್ತು" ಅಂದ.

ಅಂಕಣದ ಮಣ್ಣಿನ ಬಗ್ಗೆ ಬೇರೆಯೇ ಬರೆಯಬೇಕು. ನಮ್ಮದು ಜಂಬಿಟ್ಟಿಗೆ ನೆಲ, ಆಂಕಲ್ ಹೋಲ್ಡಿಗೆ (ರೇಡರಿನ ಪಾದದ ಗಂಟು ಹಿಡಿಯಲು) ಬಿದ್ದರೆ ಮೊಣಕೈ ಚರ್ಮ ಅಲ್ಲೇ ಉಳಿಯುತ್ತದೆ. ಮ್ಯಾಟಿಗೆ ದುಡ್ಡಿಲ್ಲ. ಅರ್ಧ ಅಡಿ ಅಗೆದು, ಜರಡಿ ಹಿಡಿದು, ಏನಾದರೂ ಮೆದುವಾದದ್ದು ಬೆರೆಸಬೇಕು. ಪುಕ್ಕಟೆ ಸಿಗುತ್ತದಲ್ಲ ಅಂತ ಮೊದಲು ಭತ್ತದ ಉಮಿ ಹಾಕಿದೆ, ಮೈಯೆಲ್ಲ ತುರಿಕೆ. ಆಮೇಲೆ ಒಣಗಿದ ಅಡಿಕೆ ಸಿಪ್ಪೆ ಪುಡಿ ಮಾಡಿಸಿ ಹಾಕಿದೆ, ಇಬ್ಬನಿ ಕುಡಿದು ಬೆಳಿಗ್ಗೆ ಜಾರುಬಂಡೆ. ಕೊನೆಗೆ ಸಾಮಿಲ್ಲಿನ ಮರದ ಹೊಟ್ಟು ಹದಿನೈದು ಚೀಲ, ಹಳೆಯ ಗೊಬ್ಬರ ನಾಲ್ಕು ಬುಟ್ಟಿ. ಹಿಂದಿನ ಸಂಜೆ ನೀರು ಚಿಮುಕಿಸಿ ಬಿಟ್ಟರೆ ಬೆಳಿಗ್ಗೆಗೆ ಹದ. ಅಂಗೈಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿಂದ ತಟ್ಟಿದರೆ ಒಡೆಯಬೇಕು.

ಹುಡುಗಿಯರ ಲೀಗಿಗೆ ಆರೇ ಕಾಲೇಜು ಬಂದವು. ಮೂರು ಜೋಡಿ, ಮೂರು ಕೂಟ, 12 ಪಂದ್ಯ, ಜೊತೆಗೆ ಮೂರು ಜೋಡಿ ಪಂದ್ಯ, ಒಟ್ಟು 15. ಶನಿವಾರಕ್ಕೊಂದು ಜೋಡಿಗೆ ಬಿಡುವು. ಇದರಲ್ಲಿ ಗಾಡಿಯ ಖರ್ಚೇ ಇಲ್ಲದಂತೆ ಮಾಡಿದೆ: 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿತ್ತಲ್ಲ, ಆಧಾರ್ ಕಾರ್ಡ್ ಹಿಡಿದು ಸರ್ಕಾರಿ ಬಸ್ಸು ಹತ್ತಿದರಾಯಿತು. ನಮ್ಮ ಕಡೆ ಖಾಸಗಿ ಬಸ್ಸಿನದ್ದೇ ರಾಜ್ಯ, ಅದರಲ್ಲಿ ಉಚಿತ ನಡೆಯುವುದಿಲ್ಲ. ಅದಕ್ಕೆ ಮೊದಲು ಸರ್ಕಾರಿ ಬಸ್ಸಿನ ವೇಳೆ ಬರೆದುಕೊಂಡು, ಆಮೇಲೆ ಕೂಟದ ಊರು ಆರಿಸಿದೆ. ಒಂದು ಸಲ ಬಸ್ಸು ಕೆಟ್ಟು ನಿಂತು ಪಂದ್ಯ ಒಂದೂವರೆಗೆ ಶುರುವಾಯಿತು. ಆದರೂ ಮುಗಿಸಿದೆವು. ಇದೇ ಹುರುಪಿನಲ್ಲಿ ವಾಲಿಬಾಲನ್ನೂ ಅದೇ ಕೂಟಕ್ಕೆ ಸೇರಿಸಲು ಹೋಗಿ, ಅರ್ಧ ಹುಡುಗರು ಎರಡೂ ತಂಡದಲ್ಲಿದ್ದು, ಒಂದೇ ದಿನಕ್ಕೆ ಆ ಅಂಗಡಿ ಮುಚ್ಚಿದೆ.

ಮೊದಲು ನಮ್ಮ ಎಂಟು ಕಾಲೇಜಿನಿಂದ ವಿ.ವಿ. ತಂಡಕ್ಕೆ ಒಬ್ಬ ಹೋದರೆ ಹಬ್ಬ. ಕಳೆದ ಸಲ ಆಯ್ಕೆ ಶಿಬಿರಕ್ಕೆ ಐವರು, ದಕ್ಷಿಣ ವಲಯದ ಅಂತರ ವಿ.ವಿ. ಟೂರ್ನಿಗೆ ಹೋದವರು ಮೂವರು.

ಆರು ಕೂಟವನ್ನು ನಾಲ್ಕು ಜೋಡಿಗೆ ಹಂಚಿದಾಗ ಎರಡು ಜೋಡಿಗೆ ಎರಡೆರಡು ಆತಿಥ್ಯ, ಎರಡಕ್ಕೆ ಒಂದೊಂದೇ ಬರುತ್ತದೆ. ಒಂದೇ ಸಿಕ್ಕವರು "ನಮಗೆ ಎರಡು ಸಲ ಹೊರಗೆ" ಅಂತ ಗೊಣಗಿದ್ದರು. ಈ ವರ್ಷ ಅದನ್ನು ತಿರುಗಿಸಿ ಹಾಕಿದ್ದೇನೆ. ಈಗ ಎರಡು ಸಿಕ್ಕವರು "ಎರಡು ಸಲ ಊಟ ಹಾಕಬೇಕಲ್ಲ" ಅಂತ ಗೊಣಗುತ್ತಿದ್ದಾರೆ. ದಸರಾ ರಜೆ ಮುಗಿದ ಮೇಲಿನ ಮೊದಲ ಶನಿವಾರ ಶುರು. ಮಿನಿಬಸ್ಸಿನವನಿಗೆ ಮುಂಗಡ ಕೊಟ್ಟಾಗಿದೆ, ಈ ಸಲ ಎಷ್ಟು ಅಂತ ಮನೆಯಲ್ಲೂ ಹೇಳಿದ್ದೇನೆ.