ಅಟ್ಟಕ್ಕೆ ಇನ್ಸುಲೇಷನ್ ಹಾಕಿಸುವ ಮೊದಲು ಎಂಜಿನಿಯರನ್ನು ಮೇಲೆ ಹತ್ತಿಸಿ ನೋಡಿಸಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ತಾರಸಿ ಮನೆಯೊಂದರ ಮಹಡಿಯಲ್ಲಿ ಸ್ಟೂಲ್ ಹತ್ತಿ ಸೀಲಿಂಗಿಗೆ ಅಂಗೈ ಇಟ್ಟು ನೋಡಿ. ಬಿಸಿ ತಾಗುತ್ತದೆ, ರಾತ್ರಿ ಹತ್ತಾದರೂ ಇಳಿಯುವುದಿಲ್ಲ. ಹಳೇ ಹಂಚಿನ ಮನೆಗಳಲ್ಲಿ ಹೀಗಿರಲಿಲ್ಲ, ಅಲ್ವಾ? ಹಂಚಿನ ಸಂದಿನಲ್ಲಿ ಗಾಳಿ ಆಡುತ್ತಿತ್ತು, ಅಟ್ಟದಲ್ಲಿ ಅಡಿಕೆ ಮೂಟೆ, ಅದರ ಕೆಳಗೆ ಮರದ ಮುಚ್ಚಿಗೆ.

ಬಿಸಿ ತಡೆಯಲು ಇನ್ಸುಲೇಷನ್ ಹೊದಿಕೆ ಎಷ್ಟು ದಪ್ಪ ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ಕೇಂದ್ರ ಸರ್ಕಾರದ 2018ರ ಇಕೋ ನಿವಾಸ್ ಸಂಹಿತೆಯಲ್ಲಿ, ಅಂದರೆ ಮನೆಗಳಲ್ಲಿ ಕರೆಂಟು ಉಳಿಸುವ ನಿಯಮಾವಳಿಯಲ್ಲಿ, ಮಾಡಿನ ಯು-ವ್ಯಾಲ್ಯೂ (ಬಿಸಿ ದಾಟಿ ಬರುವ ಅಳತೆ) 1.2 ದಾಟಬಾರದು ಅಂತ ಇದೆ. ಈ ಅಂಕಿ ಕಡಿಮೆ ಇದ್ದಷ್ಟೂ ಬಿಸಿ ಕಡಿಮೆ ಇಳಿಯುತ್ತದೆ. ಬರೀ 4 ಇಂಚಿನ ಕಾಂಕ್ರೀಟಿಗೆ ಇದು 1.2ರ ಸುಮಾರು ಮೂರು ಪಟ್ಟು. 50 ಮಿಲಿಮೀಟರ್ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ಹೊದಿಕೆ) ಸೇರಿಸಿದರೆ 1.2ಕ್ಕಿಂತ ಕೆಳಗೆ ಬರುತ್ತದೆ. ಅಮೆರಿಕದಲ್ಲಿ ಆರ್-30ರಿಂದ ಆರ್-60ರವರೆಗೆ ಹೇಳುತ್ತಾರೆ (ಆರ್ ಅಂದರೆ ಬಿಸಿ ತಡೆಯುವ ಶಕ್ತಿ, ಜಾಸ್ತಿ ಇದ್ದಷ್ಟೂ ಒಳ್ಳೆಯದು), ಅಂದರೆ ಅಡಿ ದಪ್ಪ, ಕೆಲವು ಕಡೆ ಇನ್ನೂ ಜಾಸ್ತಿ. ಅದು ಹೀಟರ್, ಎಸಿ ಸದಾ ಓಡುವ ಮನೆಗಳ ಲೆಕ್ಕ, ಅಲ್ಲಿನ ವಿಡಿಯೋ ನೋಡಿ ಸುಮ್ನೆ ಅಷ್ಟು ದುಡ್ಡು ಸುರಿಯಬೇಡಿ.

ಆದರೆ ದಪ್ಪಕ್ಕಿಂತ ಮುಖ್ಯವಾದದ್ದು, ಮೊದಲು ಅಟ್ಟ ನೋಡಿಸುವುದು. ನಮ್ಮ ಅಣ್ಣನ ಹಂಚಿನ ಮನೆಯಲ್ಲಿ ಯಾರೂ ನೋಡದೆ ರಾಕ್‌ವೂಲ್ ಹಾಸಿ, ಕೆಳಗಿನಿಂದ ಹಲಗೆ ಹೊಡೆದು ಮುಚ್ಚಿದರು. ಮೇಲೆ ಒಂದೇ ಒಂದು ಹಂಚು ಒಡೆದಿತ್ತು. ನೀರನ್ನೆಲ್ಲ ಉಣ್ಣೆ ಕುಡಿದುಕೊಂಡಿತು, ಕೆಳಗೆ ಒಂದು ತೊಟ್ಟೂ ಬೀಳಲಿಲ್ಲ. ಎರಡನೇ ಮಳೆಗಾಲ ಕಳೆದು ಹಲಗೆ ಬಿಚ್ಚಿದಾಗ ಪಕ್ಕಾಸಿಗೆ (ಹಂಚು ಹೊರುವ ಇಳಿಜಾರು ಮರಕ್ಕೆ) ಹೆಬ್ಬೆರಳು ಒತ್ತಿದರೆ ಸಾಕು, ಮರ ನೆನೆದ ರೊಟ್ಟಿಯ ಹಾಗೆ ಒಳಗೆ ಹೋಗುತ್ತಿತ್ತು.

ಅಮೆರಿಕದಲ್ಲಿ ಮನೆ ಕೊಳ್ಳುವ ಮೊದಲು ಹೋಮ್ ಇನ್‌ಸ್ಪೆಕ್ಟರ್ ಬಂದು ಅಟ್ಟ ಹತ್ತಿ ಹೊದಿಕೆಯ ದಪ್ಪ, ಗಾಳಿಕಿಂಡಿ, ನೀರಿನ ಕಲೆ ನೋಡಿ ವರದಿ ಕೊಡುತ್ತಾರೆ. ಅವರು ಕಣ್ಣಿಗೆ ಕಂಡದ್ದನ್ನು ಬರೆಯುತ್ತಾರೆ ಅಷ್ಟೆ, ನಿಯಮಕ್ಕೆ ಸರಿ ಇದೆ ಅಂತ ಪಾಸು ಮಾಡುವುದು ಅಲ್ಲಿನ ಸ್ಥಳೀಯ ಸರ್ಕಾರದ ಬೇರೆ ಅಧಿಕಾರಿಗಳ ಕೆಲಸ. ನಮ್ಮಲ್ಲಿಯೂ ಪಂಚಾಯತಿನಿಂದ ಮನೆ ನಂಬರು ಸಿಕ್ಕಿತು ಅಂದ ಮಾತ್ರಕ್ಕೆ ಯಾರೋ ಅಟ್ಟ ಹತ್ತಿ ನೋಡಿದ್ದಾರೆ ಅಂತ ಅರ್ಥ ಅಲ್ಲ. ಕಂಟ್ರಾಕ್ಟರಿಗೆ ಸಂಬಂಧ ಇಲ್ಲದ ಒಬ್ಬ ಸಿವಿಲ್ ಎಂಜಿನಿಯರನ್ನು ಫೀಸು ಕೊಟ್ಟು ಕರೆಯಿರಿ. ಏಣಿ ಹತ್ತದೆ ಕೆಳಗೆ ನಿಂತು ತಲೆಯಾಡಿಸುವವರು ಬೇಡ.

ಅವರ ಕೈಯಲ್ಲಿ ಟಾರ್ಚ್ ಇರಲಿ. ಪಕ್ಕಾಸು, ರೀಪುಗಳಲ್ಲಿ ಒರಲೆ ಇದೆಯಾ, ಚಹಾ ಚೆಲ್ಲಿದಂಥ ಕಲೆ ಇದೆಯಾ, ವಯರಿನ ಜಾಯಿಂಟು ಬಿಚ್ಚಿಕೊಂಡಿದೆಯಾ ಅಂತ ಕೇಳಿ, ಫೋಟೋ ಸಮೇತ ಬರೆಸಿಕೊಳ್ಳಿ. ಗಾಳಿಕಿಂಡಿಗೆ ಅಮೆರಿಕದ ಹಳೇ ಲೆಕ್ಕ 150 ಚದರ ಅಡಿ ಅಟ್ಟಕ್ಕೆ 1 ಚದರ ಅಡಿ. ನಮ್ಮ ಮಳೆಗೆ ಅದಕ್ಕಿಂತ ಕಡಿಮೆ ಬೇಡ, ಬಾವಲಿ ನುಗ್ಗದಂತೆ ಜಾಲರಿಯೂ ಬೇಕು. ಬಿಸಿ ತಡೆಯುವ ಅಲ್ಯೂಮಿನಿಯಂ ಫಾಯಿಲ್ ಹಾಕುವುದಾದರೆ ಹೊಳೆಯುವ ಬದಿ ಕೆಳಗಿರಲಿ, ಅದರ ಕೆಳಗೆ ಒಂದು ಇಂಚಾದರೂ ಖಾಲಿ ಜಾಗ ಬಿಡಬೇಕು, ಇಲ್ಲದಿದ್ದರೆ ಅದು ಕೆಲಸ ಮಾಡುವುದಿಲ್ಲ. ಫಾಯಿಲ್ ಅಂದರೆ ಲೋಹ, ಕರೆಂಟು ಹರಿಯುತ್ತದೆ, ಆದ್ದರಿಂದ ಕೆಲಸದವರು ಹತ್ತುವ ಮೊದಲು ಮೈನ್ ಆಫ್ ಮಾಡಿ.

ಎಂಜಿನಿಯರನ್ನು ಜುಲೈಯಲ್ಲಿ, ಮಳೆ ಹೊಯ್ಯುವಾಗಲೇ ಹತ್ತಿಸಿ, ಸೋರುವುದು ಆಗಲೇ ಕಾಣುವುದು. ಹೊದಿಕೆ ಹಾಕಿಸುವುದು ಮರ ಪೂರ್ತಿ ಒಣಗಿದ ಮೇಲೆ, ಜನವರಿಯಲ್ಲಿ.